ಡರ್ಬಿ ದಿನ ಕುದುರೆ ನೋಡುವುದು ಹೇಗೆ? ಬೆಂಗಳೂರು ರೇಸ್ ಕೋರ್ಸ್‌ಗೆ ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಸಲ ರೇಸ್ ಕೋರ್ಸ್‌ಗೆ ಹೋಗಿ ಬಂದವರನ್ನು ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಇಷ್ಟೇ: "ಏನಾಯ್ತು ಅಂತ ಗೊತ್ತಾಗೋದ್ರೊಳಗೆ ಮುಗಿದೇ ಹೋಯ್ತು." ಅದು ನಿಜ ಕೂಡ. 2000 ಮೀಟರ್ ಓಟ ಎರಡು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಆದರೆ ಒಂದು ಓಟಕ್ಕೂ ಮುಂದಿನದಕ್ಕೂ ನಡುವೆ ಸುಮಾರು ಅರ್ಧ ಗಂಟೆ ಇರುತ್ತದೆ. ಹೆಚ್ಚಿನ ಜನ ಆ ಅರ್ಧ ಗಂಟೆಯನ್ನು ಬುಕ್ಕಿಗಳ ಬೋರ್ಡ್ ನೋಡುತ್ತಾ, ಟಿಪ್ ಕೇಳುತ್ತಾ ಕಳೆದುಬಿಡುತ್ತಾರೆ. ಕುದುರೆ ಕಣ್ಣಿಗೆ ಬೀಳುವುದು ಗೇಟ್ ತೆರೆದ ಮೇಲೆ ಮಾತ್ರ. ಅಷ್ಟರಲ್ಲಿ ನೋಡಬೇಕಾದದ್ದು ಮುಕ್ಕಾಲು ಪಾಲು ಆಗಿಹೋಗಿರುತ್ತದೆ.

ಈ ಮಾರ್ಗದರ್ಶಿ ಆ ಅರ್ಧ ಗಂಟೆಯ ಬಗ್ಗೆ. ಉದಾಹರಣೆಗೆ ಬೆಂಗಳೂರಿನ ಬೇಸಿಗೆ ಡರ್ಬಿಯನ್ನು ಇಟ್ಟುಕೊಂಡಿದ್ದೇನೆ. ಇದನ್ನು ಕಲಿತರೆ ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸ್‌ನಲ್ಲೂ, ಮುಂಬೈನ ಮಹಾಲಕ್ಷ್ಮಿಯಲ್ಲೂ ಇದೇ ಕಣ್ಣು ಕೆಲಸಕ್ಕೆ ಬರುತ್ತದೆ.

ಡರ್ಬಿ ಎಂದರೆ ಯಾವ ಓಟ?

ಮೂಲ ಡರ್ಬಿ ಇಂಗ್ಲೆಂಡಿನ ಎಪ್ಸಮ್‌ನದು. 1780ರಲ್ಲಿ ಶುರುವಾಯಿತು. 12ನೇ ಅರ್ಲ್ ಆಫ್ ಡರ್ಬಿಯ ಹೆಸರು ಅದಕ್ಕೆ ಅಂಟಿಕೊಂಡಿತು. ಆಮೇಲೆ ಊರೂರಿಗೂ ಒಂದೊಂದು ಡರ್ಬಿ ಹುಟ್ಟಿಕೊಂಡಿತು. ನಮ್ಮ ದೇಶದಲ್ಲಿ ಎಲ್ಲಕ್ಕಿಂತ ದೊಡ್ಡದು ಇಂಡಿಯನ್ ಡರ್ಬಿ. ಫೆಬ್ರವರಿಯಲ್ಲಿ ಮಹಾಲಕ್ಷ್ಮಿಯಲ್ಲಿ 2400 ಮೀಟರ್ ದೂರಕ್ಕೆ ನಡೆಯುತ್ತದೆ. 1943ರಲ್ಲಿ ನಡೆದ ಮೊದಲ ಇಂಡಿಯನ್ ಡರ್ಬಿಯನ್ನು ಗೆದ್ದದ್ದು ಬರೋಡಾ ಮಹಾರಾಜರ 'ಪ್ರಿನ್ಸೆಸ್ ಬ್ಯೂಟಿಫುಲ್' ಎಂಬ ಹೆಣ್ಣುಕುದುರೆ.

ಬೆಂಗಳೂರಿನಲ್ಲಿ ಎರಡು ಸೀಸನ್: ಚಳಿಗಾಲದ್ದು ಮತ್ತು ಬೇಸಿಗೆಯದು. ಬೇಸಿಗೆ ಸೀಸನ್ ಅಂತ ಹೆಸರಿದ್ದರೂ ಡರ್ಬಿ ಬರುವುದು ಜುಲೈನಲ್ಲಿ, ಮಳೆಯ ನಡುವೆ. ದೂರ 2000 ಮೀಟರ್. ಭಾರತದಲ್ಲಿ ಹುಟ್ಟಿದ, ನಾಲ್ಕು ವರ್ಷದ ಕುದುರೆಗಳಿಗೆ ಮಾತ್ರ ಅವಕಾಶ. ಇಲ್ಲಿ ಕುದುರೆಗಳೆಲ್ಲ ಜನವರಿ 1ಕ್ಕೆ ಒಟ್ಟಿಗೇ ಒಂದು ವರ್ಷ ದೊಡ್ಡವಾಗುತ್ತವೆ, ಯಾವ ತಿಂಗಳಲ್ಲಿ ಹುಟ್ಟಿದ್ದರೂ ಸರಿ. ಹಾಗಾಗಿ ನಾಲ್ಕನೇ ವರ್ಷ ದಾಟಿದರೆ ಮತ್ತೆ ಡರ್ಬಿ ಓಡುವ ಹಾಗಿಲ್ಲ. ಆ ವರ್ಷ ಕಾಲು ನೋವಾದರೂ ಜ್ವರ ಬಂದರೂ ಅವಕಾಶ ಹೋಯಿತು ಅಂತಲೇ ಲೆಕ್ಕ. ಗೆದ್ದಾಗ ಲಾಯದ ಹುಡುಗರು ಅಳುವುದನ್ನು ನೋಡಿದರೆ ಅಚ್ಚರಿ ಪಡಬೇಡಿ.

ಇನ್ನೊಂದು ಮುಖ್ಯ ವಿಷಯ. ದಿನದ ಬೇರೆ ಓಟಗಳಲ್ಲಿ ಹೆಚ್ಚಿನವು ಹ್ಯಾಂಡಿಕ್ಯಾಪ್ ಓಟಗಳು. ಚೆನ್ನಾಗಿ ಓಡುವ ಕುದುರೆಗೆ ಜಾಸ್ತಿ ತೂಕ, ಸಾಧಾರಣ ಕುದುರೆಗೆ ಕಡಿಮೆ ತೂಕ ಹೊರಿಸಿ ಎಲ್ಲರನ್ನೂ ಸಮಕ್ಕೆ ತರುವ ಪ್ರಯತ್ನ ಅದು. ಡರ್ಬಿಯಲ್ಲಿ ಈ ಹೊಂದಾಣಿಕೆ ಇಲ್ಲ. ಗಂಡುಗಳಿಗೆಲ್ಲ ಒಂದೇ ತೂಕ, ಹೆಣ್ಣುಗಳಿಗೆ ಒಂದೂವರೆ ಕಿಲೋ ಕಡಿಮೆ. ಇಷ್ಟು ಬಿಟ್ಟರೆ ಯಾರಿಗೂ ರಿಯಾಯಿತಿ ಇಲ್ಲ. ಯಾವುದು ನಿಜವಾಗಿ ಒಳ್ಳೆಯ ಕುದುರೆ ಅಂತ ಗೊತ್ತಾಗುವುದು ಇಂಥ ಓಟದಲ್ಲೇ.

ಒಂದು ವಾರ ಮೊದಲು: ಹೆಸರುಗಳ ಪರಿಚಯ ಮಾಡಿಕೊಳ್ಳಿ

ಹನ್ನೆರಡು ಅಪರಿಚಿತರ ಓಟ ನೋಡಿದರೆ ಏನೂ ಅನಿಸುವುದಿಲ್ಲ. ನಾಲ್ಕು ಹೆಸರಾದರೂ ಗೊತ್ತಿದ್ದರೆ ಎದೆ ಬಡಿದುಕೊಳ್ಳುತ್ತದೆ. ಅದಕ್ಕೆ ವಾರ ಮೊದಲೇ ಕೆಲಸ ಶುರು ಮಾಡಿ.

ಡರ್ಬಿಗೆ ಮುಂಚೆ ಅದೇ ಸೀಸನ್‌ನಲ್ಲಿ ಕೋಲ್ಟ್ಸ್ ಚಾಂಪಿಯನ್‌ಶಿಪ್, ಫಿಲ್ಲೀಸ್ ಚಾಂಪಿಯನ್‌ಶಿಪ್ ಎಂಬ ಎರಡು ದೊಡ್ಡ ಓಟಗಳು ನಡೆಯುತ್ತವೆ. ಎರಡೂ 1600 ಮೀಟರ್. ಮೊದಲನೆಯದು ಗಂಡುಗಳದು, ಎರಡನೆಯದು ಹೆಣ್ಣುಗಳದು. ಡರ್ಬಿಗೆ ಬರುವ ಕುದುರೆಗಳಲ್ಲಿ ಹಲವು ಈ ಎರಡು ಓಟಗಳಿಂದಲೇ ಬರುತ್ತವೆ. ಇಲ್ಲಿ ರೇಸ್ ನಡೆಸುವ ಬೆಂಗಳೂರು ಟರ್ಫ್ ಕ್ಲಬ್‌ನ ವೆಬ್‌ಸೈಟಿನಲ್ಲಿ ಹಳೆಯ ಓಟಗಳ ವಿಡಿಯೊ ಸಿಕ್ಕರೆ ಎರಡನ್ನೂ ನೋಡಿ. ಗೆದ್ದ ಕುದುರೆಯನ್ನಷ್ಟೇ ನೋಡಬೇಡಿ. ಕೊನೆಯಲ್ಲಿ ಜೋರಾಗಿ ನುಗ್ಗಿ ಬಂದು ಮೂರನೆಯದೋ ನಾಲ್ಕನೆಯದೋ ಆದದ್ದು ಯಾವುದು ಅಂತ ನೋಡಿ. 1600ರಲ್ಲಿ ಸಮಯ ಸಾಲದೆ ಸೋತ ಕುದುರೆಗೆ ಇನ್ನೂ 400 ಮೀಟರ್ ಸಿಕ್ಕರೆ ಕಥೆಯೇ ಬೇರೆಯಾಗಬಹುದು. ತದ್ವಿರುದ್ಧವೂ ಉಂಟು: 1600ಕ್ಕೆ ಮಿಂಚಿ, ಗೆರೆ ದಾಟುವಾಗ ಬಸವಳಿದಿದ್ದ ಕುದುರೆಗೆ 2000 ಹೆಚ್ಚಾದೀತು.

ಅಪ್ಪ-ಅಮ್ಮನ ಹೆಸರೂ ನೋಡಿ. ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ತಳಿಯಲ್ಲಿ ವಂಶಾವಳಿಯೇ ಅರ್ಧ ಜಾತಕ. ಇವತ್ತು ಜಗತ್ತಿನಲ್ಲಿರುವ ಎಲ್ಲ ಥರೋಬ್ರೆಡ್‌ಗಳ ಗಂಡು ಸಂತತಿ ಮೂರೇ ಕುದುರೆಗಳಿಗೆ ಹೋಗಿ ನಿಲ್ಲುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಇಂಗ್ಲೆಂಡಿನಲ್ಲಿ 1791ರಿಂದ ಈ ವಂಶಗಳ ದಾಖಲೆ ಪುಸ್ತಕ ನಡೆದುಬಂದಿದೆ. ದೂರದ ಓಟ ಗೆದ್ದ ತಂದೆಯ ಮಕ್ಕಳಿಗೆ ದಮ್ಮು ಜಾಸ್ತಿ ಇರುವ ಸಾಧ್ಯತೆ ಇದೆ. ಸಾಧ್ಯತೆ ಅಷ್ಟೆ, ಖಾತ್ರಿ ಅಲ್ಲ. ಕುದುರೆ ಸಾಕಣೆಯ ಕೇಂದ್ರ ಒಂದು ನಮ್ಮ ಪಕ್ಕದಲ್ಲೇ ಇದೆ. ಕುಣಿಗಲ್ ಸ್ಟಡ್ ಫಾರ್ಮ್‌ನಲ್ಲಿ ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದರು. ಆಮೇಲೆ ಅದೇ ನೆಲದಲ್ಲಿ ರೇಸ್ ಕುದುರೆಗಳು ಹುಟ್ಟಿ ಬೆಳೆದವು. ರೇಸ್ ಬುಕ್‌ನಲ್ಲಿ ಕುದುರೆಯನ್ನು ಬೆಳೆಸಿದ ಸ್ಟಡ್‌ನ ಹೆಸರು ಇದ್ದರೆ ಗಮನಿಸಿ.

ಪತ್ರಿಕೆಗಳಲ್ಲಿ ಬರುವ ಟ್ರ್ಯಾಕ್ ವರದಿಯನ್ನೂ ಓದಬಹುದು. ಬೆಳಗಿನ ಅಭ್ಯಾಸದಲ್ಲಿ ಯಾವ ಕುದುರೆ ಎಷ್ಟು ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಓಡಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ಓಟದ ವೇಗದಲ್ಲಿ 200 ಮೀಟರಿಗೆ ಹತ್ತಿರಹತ್ತಿರ 12 ಸೆಕೆಂಡ್ ಅಂದುಕೊಳ್ಳಿ. ಅಂದರೆ 600 ಮೀಟರಿಗೆ 36. ಅಭ್ಯಾಸದಲ್ಲಿ 600 ಮೀಟರಿಗೆ 40ರ ಆಸುಪಾಸು ಬಂದರೆ ಅದು ನಿಧಾನ ಅಂತಲ್ಲ, ಕುದುರೆಯನ್ನು ಪೂರ್ತಿ ಬಿಟ್ಟಿಲ್ಲ ಅಂತ ಅರ್ಥ. ಸಮಯಕ್ಕಿಂತ ಪಕ್ಕದಲ್ಲಿ ಬರೆದ ಮಾತು ನೋಡಿ. 'ಸಲೀಸಾಗಿ ಓಡಿತು' ಅಂತ ಇದ್ದರೆ ಸಂತೋಷ. 'ಒತ್ತಾಯಿಸಿ ಓಡಿಸಿದರು' ಅಂತ ಇದ್ದರೆ ಅದೇ 40 ಸೆಕೆಂಡಿಗೆ ಬೇರೆ ಅರ್ಥ.

ಹೊರಡುವ ಮುಂಚೆ ಒಂದು ಮಾತು: ಓಟದ ದಿನಾಂಕವನ್ನು ಕ್ಲಬ್‌ನ ವೆಬ್‌ಸೈಟಿನಲ್ಲಿ ಖಚಿತ ಮಾಡಿಕೊಳ್ಳಿ. 2024ರಲ್ಲಿ ಲೈಸೆನ್ಸ್ ವಿವಾದ ಹೈಕೋರ್ಟ್ ತನಕ ಹೋಗಿ ಬೆಂಗಳೂರಿನಲ್ಲಿ ರೇಸ್‌ಗಳೇ ನಿಂತಿದ್ದವು.

ರೇಸ್ ಬುಕ್ ಓದುವ ಬಗೆ

ಗೇಟ್ ಹತ್ತಿರ ರೇಸ್ ಬುಕ್ ಸಿಗುತ್ತದೆ. ಇದಿಲ್ಲದೆ ಒಳಗೆ ಹೋಗಬೇಡಿ. ಮೊದಲ ನೋಟಕ್ಕೆ ಪಂಚಾಂಗ ತೆರೆದ ಹಾಗೆ ಕಾಣುತ್ತದೆ, ಬರೀ ಅಂಕಿ, ಬರೀ ಗುರುತು. ಒಂದೇ ಸಾಲು ಸರಿಯಾಗಿ ಓದಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಒಂದು ಸಾಲು ಹೀಗಿದೆ ಅಂದುಕೊಳ್ಳಿ: ನಂಬರ್ 9, '4 ವೈ ಬಿ ಎಫ್', ತೂಕ 55.5, ಡ್ರಾ 3, ಹಿಂದಿನ ಓಟಗಳು 4-2-1-1. ಇದನ್ನು ಬಿಡಿಸೋಣ.

ನಂಬರ್ 9 ಅಂದರೆ ಕುದುರೆಯ ಜೀನಿನ ಕೆಳಗಿನ ಬಟ್ಟೆಯ ಮೇಲೆ ಕಾಣುವ ಅಂಕಿ. '4 ವೈ' ಎಂದರೆ ನಾಲ್ಕು ವರ್ಷ. 'ಬಿ' ಎಂದರೆ ಬೇ, ಅಂದರೆ ಮೈ ಕಂದು, ಜೂಲು-ಬಾಲ ಕಪ್ಪು. 'ಸಿಎಚ್' ಇದ್ದರೆ ಚೆಸ್ಟ್‌ನಟ್, ಮೈಯೂ ಜೂಲೂ ಕೆಂಚು. 'ಜಿಆರ್' ಇದ್ದರೆ ಬೂದು. ಕೊನೆಯ 'ಎಫ್' ಫಿಲ್ಲಿ, ಎಳೆಯ ಹೆಣ್ಣು. 'ಸಿ' ಇದ್ದರೆ ಕೋಲ್ಟ್, ಎಳೆಯ ಗಂಡು. 'ಜಿ' ಇದ್ದರೆ ಬೀಜ ಒಡೆದ ಗಂಡು. 55.5 ಕಿಲೋ ಅಂದರೆ ಜಾಕಿಯ ತೂಕವೂ ಜೀನಿನ ತೂಕವೂ ಸೇರಿ. ಜಾಕಿ ಹಗುರವಾಗಿದ್ದರೆ ಜೀನಿನ ಜೊತೆ ಸೀಸದ ತುಂಡು ಇಟ್ಟು ತೂಕ ಭರ್ತಿ ಮಾಡುತ್ತಾರೆ.

ಡ್ರಾ 3 ಅಂದರೆ ಸ್ಟಾರ್ಟಿಂಗ್ ಗೇಟ್‌ನಲ್ಲಿ ಒಳಬೇಲಿಯಿಂದ ಮೂರನೆಯ ಖಾನೆ. ಒಳಗಿದ್ದಷ್ಟೂ ತಿರುವಿನಲ್ಲಿ ಓಡಬೇಕಾದ ದೂರ ಕಡಿಮೆಯಾಗುತ್ತದೆ. ಆದರೆ ತೀರಾ ಒಳಗೆ ಸಿಕ್ಕಿಕೊಂಡರೆ ಮುಂದೆ ಗೋಡೆ, ಪಕ್ಕದಲ್ಲಿ ಗೋಡೆ. ಹೊರಗಿನ ಖಾನೆಯಾದರೆ ದಾರಿ ಬಿಡುವಾಗಿರುತ್ತದೆ, ಆದರೆ ಪ್ರತಿ ತಿರುವಿನಲ್ಲೂ ಹೆಚ್ಚು ನೆಲ ತುಳಿಯಬೇಕು. ಇದರ ಜೊತೆಗೆ 'ಫಾಲ್ಸ್ ರೈಲ್' ಎಷ್ಟು ಮೀಟರ್ ಹೊರಗೆ ಹಾಕಿದ್ದಾರೆ ಅಂತಲೂ ತಿಳಿಸಿರುತ್ತಾರೆ. ಒಳಗಿನ ಹುಲ್ಲು ಸವೆಯದಿರಲಿ ಅಂತ ಬೇಲಿಯನ್ನು ಹೊರಕ್ಕೆ ಸರಿಸುವುದು ಅದು.

ಕೊನೆಯ ಅಂಕಿಗಳು ನನಗೆ ಅತಿ ಪ್ರೀತಿಯವು. 4-2-1-1 ಎಂದರೆ ಹಿಂದಿನ ನಾಲ್ಕು ಓಟಗಳಲ್ಲಿ ಬಂದ ಸ್ಥಾನ. ಈ ಹೆಣ್ಣು ಮೆಟ್ಟಿಲು ಹತ್ತುತ್ತಾ ಬಂದಿದೆ, ಅಲ್ವಾ? ಆದರೆ ಅಲ್ಲಿಗೇ ನಿಲ್ಲಬೇಡಿ. ಆ ಎರಡು ಗೆಲುವು ಎಷ್ಟು ಮೀಟರಿನವು? ಯಾವ ದರ್ಜೆಯ ಓಟ? ಎಷ್ಟು ದಿನದ ಹಿಂದೆ? ಎಲ್ಲ 1200 ಮೀಟರಿನವಾಗಿದ್ದರೆ ಇವತ್ತಿನ 2000 ಹೊಸ ಪ್ರಶ್ನೆ. ಇನ್ನೊಂದು ಕುದುರೆಯದು 1-5-3-2 ಇದ್ದು, ಆ ಐದು-ಮೂರು-ಎರಡು ಎಲ್ಲವೂ ದೊಡ್ಡ ಓಟಗಳಲ್ಲಿ ಬಂದದ್ದಾದರೆ ಅದು ಗಟ್ಟಿ ಕುದುರೆ ಇರಬಹುದು.

ಜುಲೈ ಆದ್ದರಿಂದ ಪೆನೆಟ್ರೋಮೀಟರ್ ಅಂಕಿಯನ್ನೂ ಕೇಳಿಸಿಕೊಳ್ಳಿ. ಟ್ರ್ಯಾಕಿನ ನೆಲಕ್ಕೆ ಸರಳು ಬಿಟ್ಟು ಅದು ಎಷ್ಟು ಇಳಿಯುತ್ತದೆ ಅಂತ ಅಳೆಯುತ್ತಾರೆ. ಅಂಕಿ ಜಾಸ್ತಿಯಾದಷ್ಟೂ ನೆಲ ಮೆತ್ತಗೆ. ಮೆತ್ತನೆ ನೆಲದಲ್ಲಿ ಗೊರಸು ಹೂಳುತ್ತದೆ, ದಮ್ಮು ಬೇಗ ಖರ್ಚಾಗುತ್ತದೆ. ಹಿಂದಿನ ಮಳೆಗಾಲದಲ್ಲಿ ಚೆನ್ನಾಗಿ ಓಡಿದ ಕುದುರೆ ಯಾವುದು ಅಂತ ಆಗ ಹುಡುಕಬೇಕು.

ಹೋಗುವ ದಿನ

ರೇಸ್ ಕೋರ್ಸ್ ಊರ ನಡುವೆಯೇ ಇದೆ. ಮೆಜೆಸ್ಟಿಕ್‌ನಿಂದ ಆಟೊ ಹತ್ತಿದರೆ ಹೆಚ್ಚು ಹೊತ್ತು ಬೇಕಿಲ್ಲ. ಮುಂದಿನ ರಸ್ತೆಗೆ ಈಗ ಅಂಬರೀಶ್ ಅವರ ಹೆಸರಿದೆ. ಅವರು ರೇಸ್ ಪ್ರೇಮಿ ಅನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಹೆಸರು ಇಟ್ಟ ಜಾಗ ಸರಿಯಾಗಿದೆ.

ಡರ್ಬಿ ದಿನ ಕಾರು ತರಬೇಡಿ. ಮೊದಲ ಓಟಕ್ಕೆ ಅರ್ಧ ಗಂಟೆ ಮುಂಚೆ ಒಳಗಿರಿ. ಛತ್ರಿ, ನೀರು, ಪೆನ್ನು, ಸಾಧ್ಯವಾದರೆ ಒಂದು ಬೈನಾಕ್ಯುಲರ್ ಇರಲಿ. ನಮ್ಮ ರೇಸ್ ಕೋರ್ಸ್‌ಗಳಲ್ಲಿ ಮೊಬೈಲ್ ಫೋನಿಗೆ ನಿರ್ಬಂಧ ಹಾಕುವ ವಾಡಿಕೆ ಇದೆ, ಗೇಟಿನಲ್ಲೇ ಕೇಳಿಕೊಳ್ಳಿ. ಬಟ್ಟೆ ವಿಚಾರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೆಂಬರ್ಸ್ ಕಡೆ ಕೋಟು-ಟೋಪಿಗಳ ಸಡಗರ ಇರುತ್ತದೆ, ಸಾರ್ವಜನಿಕ ಸ್ಟ್ಯಾಂಡಿನಲ್ಲಿ ಅಂಗಿ-ಪ್ಯಾಂಟು ಸಾಕು. ಕಾಲಿಗೆ ಮಾತ್ರ ನಡೆಯಲು ಬರುವ ಚಪ್ಪಲಿ ಅಥವಾ ಶೂ ಹಾಕಿ. ಯಾಕೆಂದರೆ ಇಡೀ ಮಧ್ಯಾಹ್ನ ನೀವು ಓಟಕ್ಕೆ ಮುಂಚೆ ಕುದುರೆ ನಡೆಸುವ ಪ್ಯಾಡಾಕ್‌ಗೂ ಟ್ರ್ಯಾಕಿಗೂ ಓಡಾಡುತ್ತಿರುತ್ತೀರಿ.

ಡರ್ಬಿ ಸಂಜೆಗೆ. ಅದಕ್ಕೂ ಮುಂಚಿನ ಚಿಕ್ಕ ಓಟಗಳನ್ನು ತಪ್ಪಿಸಬೇಡಿ. ಕಣ್ಣು ಪಳಗುವುದು ಅವುಗಳಲ್ಲೇ. ಆ ದಿನ ಟ್ರ್ಯಾಕ್ ಹೇಗಿದೆ, ಮುಂದೆ ಓಡಿದವು ಗೆಲ್ಲುತ್ತಿವೆಯೋ ಹಿಂದಿನಿಂದ ಬಂದವೋ, ಒಳಬೇಲಿ ಹತ್ತಿರ ನೆಲ ಕೆಸರಾಗಿ ಜಾಕಿಗಳು ಹೊರಕ್ಕೆ ಸರಿಯುತ್ತಿದ್ದಾರೆಯೋ, ಇದೆಲ್ಲ ಎರಡು ಮೂರು ಓಟ ನೋಡಿದರೆ ಗೊತ್ತಾಗಿಬಿಡುತ್ತದೆ.

ಪ್ಯಾಡಾಕ್: ದಿನದ ಅಸಲಿ ಜಾಗ

ಓಟಕ್ಕೆ ಮುಂಚೆ ಕುದುರೆಗಳನ್ನು ತಂದು ಸುತ್ತು ನಡೆಸುವ ಅಂಗಳವೇ ಪ್ಯಾಡಾಕ್. ಬೇಲಿಗೆ ಅಂಟಿಕೊಂಡು ನಿಲ್ಲಿ. ಕೈ ಚಾಚುವಷ್ಟು ಹತ್ತಿರದಲ್ಲಿ ಸುಮಾರು 450 ಕಿಲೋ ತೂಗುವ ಪ್ರಾಣಿ ನಡೆದುಹೋಗುತ್ತದೆ. ಮೂಗಿನ ಹೊಳ್ಳೆ ಅಗಲವಾಗಿ ತೆರೆದುಕೊಳ್ಳುವುದು, ತೊಡೆಯ ಚರ್ಮದ ಕೆಳಗೆ ನರ ಉಬ್ಬುವುದು, ಎಲ್ಲ ಕಾಣುತ್ತದೆ. ಪಕ್ಕದಲ್ಲಿ ಹಗ್ಗ ಹಿಡಿದು ನಡೆಯುವವನು ಸೈಸ್. ದಿನವೂ ಆ ಕುದುರೆಯ ಮೈ ತಿಕ್ಕಿ, ಮೇವು ಹಾಕಿ, ಕಾಲು ಮುಟ್ಟಿ ಬಿಸಿ ಇದೆಯೋ ನೋಡುವವನು ಅವನೇ. ರೇಸ್ ಬುಕ್‌ನಲ್ಲಿ ಮಾಲೀಕನ ಹೆಸರಿದೆ, ಟ್ರೇನರ್ ಹೆಸರಿದೆ, ಜಾಕಿಯ ಹೆಸರಿದೆ. ಸೈಸ್ ಹೆಸರೂ ಅಚ್ಚಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಏನು ನೋಡಬೇಕು? ಮೊದಲು ನಡಿಗೆ. ಕುದುರೆಯ ಮುಂಗಾಲು ಊರಿದ ಜಾಗ ಗುರುತಿಟ್ಟುಕೊಳ್ಳಿ. ಅದೇ ಬದಿಯ ಹಿಂಗಾಲು ಆ ಗುರುತನ್ನು ದಾಟಿ ಮುಂದೆ ಬಿದ್ದರೆ ನಡಿಗೆ ಉದ್ದ, ಬೆನ್ನು ಸಡಿಲ. ಹಿಂಗಾಲು ಹಿಂದೆಯೇ ಬಿದ್ದು, ಹೆಜ್ಜೆ ಚಿಕ್ಕಚಿಕ್ಕದಾಗಿದ್ದರೆ ಎಲ್ಲೋ ಬಿಗಿತ ಇದೆ. ಎರಡು ಮೂರು ಸುತ್ತು ನೋಡಿ, ಒಂದೇ ಸುತ್ತಿಗೆ ತೀರ್ಮಾನ ಬೇಡ.

ಆಮೇಲೆ ಮೈ. ಚೆನ್ನಾಗಿ ತಯಾರಾದ ಕುದುರೆಯ ಕೂದಲು ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತದೆ, ಪಕ್ಕೆಲುಬಿನ ಕೊನೆಯ ಒಂದೆರಡು ಗೆರೆ ಸ್ವಲ್ಪ ಕಾಣುತ್ತದೆ, ಹೊಟ್ಟೆ ಜೋತು ಬಿದ್ದಿರುವುದಿಲ್ಲ. ಹಿಂಭಾಗದ ತೊಡೆಗಳನ್ನು ಹಿಂದಿನಿಂದ ನೋಡಿ. ಓಟದ ಬಲ ಇರುವುದು ಅಲ್ಲಿ. ಬಿಡುವಿನ ನಂತರ ಮೊದಲ ಸಲ ಓಡುವ ಕುದುರೆಯ ಹೊಟ್ಟೆ ದಪ್ಪ ಕಂಡರೆ ಅದಕ್ಕೆ ಇನ್ನೂ ಒಂದೆರಡು ಓಟ ಬೇಕು ಅಂತ ಲೆಕ್ಕ ಹಾಕುತ್ತಾರೆ.

ಬೆವರು ನೋಡುವಾಗ ಊರು ನೆನಪಿರಲಿ. ಮುಂಬೈ, ಚೆನ್ನೈ ಸೆಕೆಯಲ್ಲಿ ಎಲ್ಲ ಕುದುರೆಗಳೂ ಬೆವರುತ್ತವೆ, ಅದಕ್ಕೆ ಹೆಚ್ಚು ಅರ್ಥವಿಲ್ಲ. ಬೆಂಗಳೂರಿನ ಜುಲೈ ತಂಪಿನಲ್ಲಿ, ಉಳಿದವು ಒಣಗಿದ್ದಾಗ, ಒಂದು ಕುದುರೆಯ ಹಿಂಗಾಲುಗಳ ನಡುವೆ ಬಿಳಿ ನೊರೆ ಕಟ್ಟಿದ್ದರೆ ಅದು ಗಾಬರಿಯ ಗುರುತು. ಓಡುವ ಮೊದಲೇ ಶಕ್ತಿ ಸೋರುತ್ತಿದೆ. ಕೆಲವು ಕುದುರೆಗಳ ಸ್ವಭಾವವೇ ಹಾಗೆ, ಹೋದ ಸಲವೂ ಬೆವರಿ ಗೆದ್ದಿರಬಹುದು. ಅದಕ್ಕೇ ಬುಕ್‌ನ ಅಂಚಿನಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಬೇಕು.

ಕಿವಿಗಳು ಮನಸ್ಸನ್ನು ಹೇಳುತ್ತವೆ. ಮುಂದಕ್ಕೆ ನಿಮಿರಿ ಅತ್ತಿತ್ತ ತಿರುಗುತ್ತಿದ್ದರೆ ಕುತೂಹಲ, ಉಲ್ಲಾಸ. ಹಿಂದಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿದ್ದರೆ ಸಿಟ್ಟು ಅಥವಾ ಕಿರಿಕಿರಿ. ತಲೆ ಎತ್ತಿ ಹಾರಾಡಿಸುತ್ತಾ, ಅಡ್ಡಡ್ಡ ನಡೆಯುತ್ತಾ, ಸೈಸನ್ನು ಎಳೆದಾಡುವ ಕುದುರೆ ನೋಡಲು ಚೆಂದ. ಆದರೆ 2000 ಮೀಟರಿನ ಓಟಕ್ಕೆ ಶಾಂತವಾಗಿ, ಮೂಗು ಸ್ವಲ್ಪ ತಗ್ಗಿಸಿ ನಡೆಯುವ ಕುದುರೆಯೇ ನನಗೆ ಹೆಚ್ಚು ಇಷ್ಟ.

ಮುಖಕ್ಕೆ ಏನೇನು ಕಟ್ಟಿದ್ದಾರೆ ಅಂತಲೂ ನೋಡಿ. ಕಣ್ಣಿನ ಪಕ್ಕದ ಮುಚ್ಚಳ ಬ್ಲಿಂಕರ್. ಪಕ್ಕದ ಕುದುರೆ ನೋಡಿ ಗಮನ ಕೆಡದಿರಲಿ ಅಂತ. ಮೂಗಿನ ಮೇಲೆ ಕುರಿಯ ಉಣ್ಣೆಯ ಉರುಳೆ ಇದ್ದರೆ, ನೆಲದ ನೆರಳಿಗೆ ಬೆದರದಿರಲಿ, ತಲೆ ತಗ್ಗಿಸಿ ಓಡಲಿ ಅಂತ. ನಾಲಿಗೆ ಕಟ್ಟಿದ್ದರೆ ಉಸಿರಾಟಕ್ಕೆ ಅಡ್ಡ ಬರದಿರಲಿ ಅಂತ. ಇದರಲ್ಲಿ ಯಾವುದನ್ನಾದರೂ ಇವತ್ತು ಮೊದಲ ಸಲ ಹಾಕಿದ್ದರೆ ಟ್ರೇನರ್ ಏನೋ ಬದಲಾವಣೆ ಬಯಸಿದ್ದಾರೆ.

ಕೊನೆಗೆ ಜಾಕಿಗಳು ಬಂದು, ಟ್ರೇನರ್ ಜೊತೆ ಎರಡು ಮಾತಾಡಿ, ಕಾಲು ಕೊಟ್ಟು ಮೇಲೆ ಹತ್ತುತ್ತಾರೆ. ಜಾಕಿಯ ಅಂಗಿಯ ಬಣ್ಣ ಮಾಲೀಕನದು. ನಿಮ್ಮ ಕುದುರೆಯ ಬಣ್ಣ, ಟೋಪಿಯ ಬಣ್ಣ ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ದೂರದ ತಿರುವಿನಲ್ಲಿ ನಂಬರ್ ಕಾಣುವುದಿಲ್ಲ, ಬಣ್ಣ ಮಾತ್ರ ಕಾಣುತ್ತದೆ. ಒಬ್ಬರೇ ಮಾಲೀಕರದು ಎರಡು ಕುದುರೆ ಇದ್ದರೆ ಅಂಗಿ ಒಂದೇ ಇರುತ್ತದೆ, ಟೋಪಿ ನೋಡಬೇಕು.

ಗೇಟಿನ ತನಕ

ಪ್ಯಾಡಾಕ್‌ನಿಂದ ಟ್ರ್ಯಾಕಿಗೆ ಇಳಿದ ಕುದುರೆಗಳು ಹಗುರವಾಗಿ ಓಡುತ್ತಾ ಸ್ಟಾರ್ಟ್ ಕಡೆ ಹೋಗುತ್ತವೆ. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ನೀವು ಬೇಗ ರೈಲಿಂಗ್ ಹತ್ತಿರ ಬಂದುಬಿಡಿ. ಪ್ಯಾಡಾಕ್‌ನಲ್ಲಿ ಬಿಗಿಯಾಗಿ ನಡೆದ ಕುದುರೆ ಇಲ್ಲಿ ಸಡಿಲಾಗಿ ಓಡಬಹುದು. ಜಾಕಿಯ ತೋಳು ನೋಡಿ. ಲಗಾಮು ಜಗ್ಗಿ ಜಗ್ಗಿ ತೋಳು ಸೋಲುತ್ತಿದ್ದರೆ ಆ ಕುದುರೆ ಓಟದಲ್ಲೂ ಮೊದಲ ಅರ್ಧದಲ್ಲೇ ದಮ್ಮೆಲ್ಲ ಖರ್ಚು ಮಾಡಿಬಿಡುವ ಅಪಾಯ ಇದೆ.

ಬೈನಾಕ್ಯುಲರ್ ಇದ್ದರೆ ಗೇಟ್ ಒಳಗೆ ಹೋಗುವುದನ್ನೂ ನೋಡಿ. ಒಂದು ಸುಮ್ನೆ ಒಳಗೆ ನಡೆಯುತ್ತದೆ, ಇನ್ನೊಂದು ಹಟ ಹಿಡಿಯುತ್ತದೆ, ಹಿಂದಿನಿಂದ ನಾಲ್ಕು ಜನ ಕೈಕೈ ಹಿಡಿದು ನೂಕಬೇಕಾಗುತ್ತದೆ. ಒಳಗೆ ಹೋಗಿ ಬಹಳ ಹೊತ್ತು ಕಾದ ಕುದುರೆ ಗೇಟ್ ತೆರೆಯುವ ಕ್ಷಣಕ್ಕೆ ಬೇರೆ ಕಡೆ ನೋಡುತ್ತಿದ್ದರೆ ಮೂರು ನಾಲ್ಕು ಲೆಂಗ್ತ್, ಅಂದರೆ ಮೂರು ನಾಲ್ಕು ಕುದುರೆಯುದ್ದ, ಅಲ್ಲೇ ಹೋಯಿತು.

ಎರಡು ನಿಮಿಷ ಚಿಲ್ಲರೆ

ಮೊದಲ ಸಲ ಎಲ್ಲರೂ ಮುಂದಿರುವ ಕುದುರೆಯನ್ನೇ ನೋಡುತ್ತಾರೆ. ನೀವು ಹಾಗೆ ಮಾಡಬೇಡಿ. ಓಟವನ್ನು ಮೂರು ತುಂಡು ಮಾಡಿಕೊಳ್ಳಿ.

ಮೊದಲ 400 ಮೀಟರಿನಲ್ಲಿ ಯಾರು ಎಲ್ಲಿ ಕೂತರು ಅಂತಷ್ಟೇ ನೋಡಿ: ಮುಂದೆ ಯಾರು, ಬೇಲಿಗೆ ಅಂಟಿ ಯಾರು, ಹೊರಗೆ ಸಿಕ್ಕಿ ಹೆಚ್ಚು ದೂರ ಓಡುತ್ತಿರುವವರು ಯಾರು. ನಡುವಿನ ಭಾಗದಲ್ಲಿ ವೇಗ ನೋಡಿ. ಮುಂದಿನ ಕುದುರೆಯ ಜಾಕಿ ಕೈ ಆಡಿಸದೆ ಆರಾಮಾಗಿ ಕೂತಿದ್ದು, ಹಿಂದಿನವರೆಲ್ಲ ಲಗಾಮು ಹಿಡಿದು ತಡೆಯುತ್ತಿದ್ದರೆ ಓಟ ನಿಧಾನ, ಮುಂದಿರುವವನಿಗೆ ಲಾಭ. ಇಬ್ಬರು ಮೂವರು ಮುಂದೆ ಪೈಪೋಟಿಗೆ ಬಿದ್ದಿದ್ದರೆ ಹಿಂದಿನವರು ಒಳಗೊಳಗೇ ನಗುತ್ತಿರುತ್ತಾರೆ.

ಕೊನೆಯ ತಿರುವು ಬಂದಾಗ ಕುದುರೆಗಳನ್ನು ಬಿಟ್ಟು ಜಾಕಿಗಳ ಕೈ ನೋಡಿ. ಇದೊಂದು ಕಲಿತರೆ ಅರ್ಧ ವಿದ್ಯೆ ಬಂದಂತೆ. ಕೈ ಆಗಲೇ ಪಂಪ್ ಹೊಡೆಯುವ ಹಾಗೆ ಮುಂದೆ ಹಿಂದೆ ಆಡುತ್ತಿದ್ದರೆ, ಚಾವಟಿ ಹೊರಗೆ ಬಂದಿದ್ದರೆ, ಆ ಕುದುರೆ ಮುಂದೆ ಇದ್ದರೂ ಮುಗಿಯುತ್ತಾ ಬಂದಿದೆ. ಎರಡು ಸಾಲು ಹಿಂದೆ ಒಬ್ಬ ಜಾಕಿ ಕದಲದೆ ಕೂತಿದ್ದಾನಾ? ಅವನ ಬಣ್ಣ ಹಿಡಿದುಕೊಳ್ಳಿ. ಅವನ ಕೆಳಗೆ ಇನ್ನೂ ಕುದುರೆ ಉಳಿದಿದೆ. ಬೇಕಾಗಿರುವುದು ದಾರಿ ಮಾತ್ರ.

ನಾಗಾಲೋಟದಲ್ಲಿ ಕುದುರೆಗೆ ಒಂದು ನೆಗೆತಕ್ಕೆ ಒಂದೇ ಉಸಿರು. ಬಾಯಿಯಿಂದ ಉಸಿರಾಡಲು ಅದಕ್ಕೆ ಬರುವುದಿಲ್ಲ, ಮೂಗೇ ಗತಿ. ಕೊನೆಯ 200 ಮೀಟರಿನಲ್ಲಿ ಕುದುರೆಗಳು ರೈಲಿಂಗ್ ಮುಂದೆ ಹಾದುಹೋಗುವಾಗ ಕೂಗಾಟದ ನಡುವೆಯೂ ಆ ಉಸಿರಿನ ಸದ್ದು, ಗೊರಸು ಹುಲ್ಲು ಕಿತ್ತು ಎಸೆಯುವ ಸದ್ದು ಕೇಳುತ್ತದೆ. ಟಿವಿಯಲ್ಲಿ ಎಷ್ಟು ನೋಡಿದರೂ ಇದು ಸಿಗುವುದಿಲ್ಲ. ಡರ್ಬಿಗೆ ಮಾತ್ರ ಸ್ಟ್ಯಾಂಡಿನ ಮೇಲೆ ಹತ್ತಬೇಡಿ, ರೈಲಿಂಗಿಗೇ ಬನ್ನಿ ಅನ್ನುವುದು ಇದಕ್ಕೇ. ಚಿಕ್ಕ ಓಟಗಳನ್ನು ಮೇಲಿನಿಂದ ನೋಡಿ ಕಲಿಯಿರಿ, ದೊಡ್ಡದನ್ನು ಹತ್ತಿರದಿಂದ ನೋಡಿ.

ಗೆರೆ ದಾಟುವಾಗ ಲೆಕ್ಕಕ್ಕೆ ಬರುವುದು ಮೂಗು, ಕಾಲಲ್ಲ. ಹತ್ತಿರದ ಫಲಿತಾಂಶಕ್ಕೆ ಫೋಟೊ ನೋಡುತ್ತಾರೆ. ಒಂದು ಲೆಂಗ್ತ್ ಅಂದರೆ ಕುದುರೆಯ ಉದ್ದ, ಸುಮಾರು 2.4 ಮೀಟರ್. ಐದಾರು ಲೆಂಗ್ತ್ ಹೆಚ್ಚುಕಡಿಮೆ ಒಂದು ಸೆಕೆಂಡಿಗೆ ಸಮ. ಒಂದು ಲೆಂಗ್ತ್‌ಗಿಂತ ಕಡಿಮೆ ಅಂತರಕ್ಕೆ ನೆಕ್, ಹೆಡ್, ಶಾರ್ಟ್ ಹೆಡ್ ಅನ್ನುತ್ತಾರೆ.

ಕೆಲವೊಮ್ಮೆ ಒಂದು ಕುದುರೆ ನಡುವೆಯೇ ನಿಂತುಬಿಡುತ್ತದೆ. ಜಾಕಿ ತಟ್ಟನೆ ಕೆಳಗಿಳಿದರೆ ಕಾಲಿಗೆ ಪೆಟ್ಟಾಗಿದೆ ಅಂತ ಅರ್ಥ. ಪಶುವೈದ್ಯರು, ಕುದುರೆಯ ಆಂಬುಲೆನ್ಸ್ ಕೂಡಲೇ ಹೋಗುತ್ತಾರೆ. ಕುದುರೆಯ ಕಾಲು ಮುರಿದರೆ ಕೂಡಿಸುವುದು ಬಹಳ ಕಷ್ಟ. ಮನುಷ್ಯನ ಹಾಗೆ ತಿಂಗಳುಗಟ್ಟಲೆ ಮಲಗಿರಲು ಅದಕ್ಕೆ ಆಗುವುದಿಲ್ಲ. ಉಳಿದ ಕಾಲುಗಳ ಮೇಲೆ ಭಾರ ಬಿದ್ದು ಗೊರಸೂ ಕೆಡುತ್ತದೆ. ಈ ಆಟವನ್ನು ಪ್ರೀತಿಸುವವರು ಇದನ್ನು ನೋಡಿಯೂ ನೋಡದಂತೆ ಇರಬಾರದು. ಗೆದ್ದ ಕುದುರೆಗೆ ಚಪ್ಪಾಳೆ ತಟ್ಟುವಾಗ ನಿಂತ ಕುದುರೆ ಏನಾಯಿತು ಅಂತ ಕೇಳಿ. ಪ್ರೇಕ್ಷಕರು ಕೇಳುತ್ತಿದ್ದರೆ ಮಾತ್ರ ಟ್ರ್ಯಾಕ್, ತಪಾಸಣೆ, ಚಾವಟಿಯ ನಿಯಮ ಬಿಗಿಯಾಗಿರುತ್ತವೆ.

ಓಟ ಮುಗಿದ ಮೇಲೆ

ಕೂಡಲೇ ತಿರುಗಿ ಹೋಗಬೇಡಿ. ವಾಪಸ್ ಬರುವ ಕುದುರೆಗಳನ್ನು ನೋಡಿ. ಯಾವುದು ಬೇಗ ಉಸಿರು ತಹಬಂದಿಗೆ ತಂದುಕೊಂಡಿತು, ಯಾವುದು ಬಳಲಿ ಕಾಲೆಳೆಯಿತು ಅನ್ನುವುದು ಮುಂದಿನ ಓಟದ ಸುದ್ದಿ. ಜಾಕಿ ಜೀನು ಬಿಚ್ಚಿಕೊಂಡು ಮತ್ತೆ ತಕ್ಕಡಿ ಮೇಲೆ ನಿಲ್ಲುತ್ತಾನೆ. ಹೊರಟಾಗಿನ ತೂಕಕ್ಕೂ ಈಗಿನದಕ್ಕೂ ತಾಳೆಯಾಗಬೇಕು. ಯಾರಾದರೂ ಅಡ್ಡ ಬಂದಿದ್ದರೆ ಸೋತವರು ಆಬ್ಜೆಕ್ಷನ್ ಹಾಕುತ್ತಾರೆ, ಓಟದ ಮೇಲ್ವಿಚಾರಕರಾದ ಸ್ಟೀವರ್ಡ್‌ಗಳು ವಿಡಿಯೊ ನೋಡಿ ತೀರ್ಪು ಕೊಡುತ್ತಾರೆ. ಮೊದಲು ಬಂದ ಕುದುರೆಯೇ ಕೆಳಗಿಳಿದ ಉದಾಹರಣೆಗಳು ಬೇಕಾದಷ್ಟಿವೆ. ಎಲ್ಲ ಸರಿಯಾಗಿದೆ ಅಂತ ಘೋಷಣೆ ಆಗುವ ತನಕ ಟಿಕೆಟ್ ಹರಿದು ಎಸೆಯಬೇಡಿ.

ಬಾಜಿ ಕಟ್ಟಬೇಕೇ?

ಕಟ್ಟದೆಯೂ ದಿನ ಪೂರ್ತಿ ಸವಿಯಬಹುದು, ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಕುದುರೆ ರೇಸ್ ಬರೀ ಅದೃಷ್ಟದಾಟ ಅಲ್ಲ, ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿತು. ಅದು ಕಾನೂನಿನ ಮಾತು. ಜೇಬಿನ ಮಾತು ಬೇರೆ. ಬಾಜಿಯ ಮೇಲಿನ ಜಿಎಸ್‌ಟಿ ಮೊದಲು ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40. ಇಷ್ಟು ಹೊರೆ ಹೊತ್ತುಕೊಂಡು ರೇಸಿನಿಂದ ಸಂಪಾದನೆ ಮಾಡುತ್ತೇನೆ ಅಂತ ಹೊರಡುವುದು ಬೇಡವೇ ಬೇಡ. ಇದರಿಂದ ಮನೆ-ಮಠ ಕಳೆದುಕೊಂಡವರ ಕಥೆ ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು.

ಆಸೆಗೆ ಒಂದು ಟಿಕೆಟ್ ಬೇಕು ಅನಿಸಿದರೆ ಟೋಟ್ ಕೌಂಟರಿಗೆ ಹೋಗಿ. ಅಲ್ಲಿ ಎಲ್ಲರ ಹಣ ಒಂದೇ ಗಂಟಿಗೆ ಬಿದ್ದು, ತೆರಿಗೆ-ಖರ್ಚು ಕಳೆದು, ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. 'ವಿನ್' ಅಂದರೆ ಮೊದಲನೆಯದೇ ಬರಬೇಕು. 'ಪ್ಲೇಸ್' ಅಂದರೆ ಮೊದಲ ಕೆಲವು ಸ್ಥಾನಗಳಲ್ಲಿ ಬಂದರೂ ಸಾಕು. ಜಾಕ್‌ಪಾಟ್, ತನಾಲಾ, ಟ್ರೆಬಲ್ ಎಂಬ ಜಟಿಲ ಬಾಜಿಗಳೆಲ್ಲ ಈಗ ಬೇಡ. ಮನೆಯಲ್ಲೇ ಒಂದು ಮೊತ್ತ ತೀರ್ಮಾನಿಸಿ, ಅದನ್ನು ಸಿನಿಮಾ ಟಿಕೆಟ್ಟಿನ ಹಾಗೆ ಖರ್ಚಾದ ಹಣ ಅಂದುಕೊಳ್ಳಿ, ಕಾರ್ಡು ಮನೆಯಲ್ಲಿಡಿ. ಸೋತದ್ದನ್ನು ಮುಂದಿನ ಓಟದಲ್ಲಿ ಎತ್ತುತ್ತೇನೆ ಎಂಬ ಯೋಚನೆ ಬಂದ ಕೂಡಲೇ ಪ್ಯಾಡಾಕ್ ಕಡೆ ನಡೆಯಿರಿ. ಪಕ್ಕದಲ್ಲಿ ಯಾರಾದರೂ "ಸಾರ್, ಲಾಯದಿಂದಲೇ ಬಂದ ಟಿಪ್" ಅಂದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಮರುದಿನ

ಬುಕ್ ಎಸೆಯಬೇಡಿ. ಡರ್ಬಿಯ ವಿಡಿಯೊ ಹಾಕಿ, ಈಗ ಗೆದ್ದ ಕುದುರೆ ಬಿಟ್ಟು ಒಂದು ಸೋತ ಕುದುರೆಯನ್ನು ಮಾತ್ರ ಶುರುವಿನಿಂದ ಕೊನೆಯ ತನಕ ನೋಡಿ. ದಾರಿ ಸಿಗದೆ ತಡೆದು ನಿಂತಿತ್ತೇ? ತಿರುವಿನಲ್ಲಿ ಹೊರಗೆ ತಳ್ಳಲ್ಪಟ್ಟಿತೇ? ಪ್ಯಾಡಾಕ್‌ನಲ್ಲಿ ನೀವು ಅಂಚಿನಲ್ಲಿ ಬರೆದ ಟಿಪ್ಪಣಿಗೂ ಅದರ ಓಟಕ್ಕೂ ತಾಳೆ ಹಾಕಿ. ಇಂಥ ಎರಡು ಮೂರು ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಸರಾ ಹೊತ್ತಿಗೆ ಮೈಸೂರಿನ ಓಟಗಳು ಜೋರಾಗುತ್ತವೆ, ಬೆಂಗಳೂರಿನ ಕುದುರೆಗಳು ಅಲ್ಲಿಗೂ ಹೋಗುತ್ತವೆ. ನವೆಂಬರಿಗೆ ಬೆಂಗಳೂರಿನ ಚಳಿಗಾಲದ ಸೀಸನ್ ಶುರು. ಆ ಹೆಸರುಗಳು ರೇಸ್ ಬುಕ್‌ನಲ್ಲಿ ಮತ್ತೆ ಕಂಡಾಗ ಮೊದಲು ಡ್ರಾ, ದೂರ, ನೆಲದ ಸ್ಥಿತಿ ನೋಡಿ, ನೇರ ಪ್ಯಾಡಾಕ್‌ಗೆ ಹೋಗಿ.